ಪೇಟೆಂಟ್, ಜಿಐ ಕ್ಷೇತ್ರದಲ್ಲಿ ಅರ್ಥಶಾಸ್ತ್ರದವರಿಗೆ ಏನು ಕೆಲಸ?

ಓದುಗರ ಪ್ರಶ್ನೆ: ಬಾಗಲಕೋಟೆ ಜಿಲ್ಲೆಯ ಅನುದಾನಿತ ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ವಯಸ್ಸು 36. ಎಂ.ಎ., ನೆಟ್ ಆಗಿದೆ, ಪಿಎಚ್.ಡಿ. ಆಗಿಲ್ಲ. ಹೋದ ವರ್ಷ ಕಾಲೇಜಿನಲ್ಲಿ ಐಪಿಆರ್ (ಬೌದ್ಧಿಕ ಆಸ್ತಿ ಹಕ್ಕು) ಸೆಲ್ ತೆರೆದು ನನ್ನನ್ನು ಸಂಯೋಜಕಿ ಮಾಡಿದರು. ಮೊದಮೊದಲು ಬೇಡದ ಜವಾಬ್ದಾರಿ ಅನ್ನಿಸಿತ್ತು, ಈಗ ಇದರಲ್ಲೇ ಮುಂದುವರಿಯುವ ಮನಸ್ಸಾಗಿದೆ. ಆದರೆ ‘ನಿಮಗೆ ಸೈನ್ಸೂ ಇಲ್ಲ, ಲಾ ಕೂಡ ಇಲ್ಲ, ಅಲ್ಲೇನು ಮಾಡತೀರಿ?’ ಅಂತ ಸಹೋದ್ಯೋಗಿಗಳು ಕೇಳುತ್ತಾರೆ. ನಾನು ಪೇಟೆಂಟ್ ಏಜೆಂಟ್ (ಬೇರೆಯವರ ಪರವಾಗಿ ಪೇಟೆಂಟ್ ಅರ್ಜಿ ಬರೆದು ನಡೆಸುವವರು) ಪರೀಕ್ಷೆ ಬರೆಯಬಹುದೇ? ಕೆಲಸ ಬಿಟ್ಟು ಎಲ್‌ಎಲ್‌ಬಿ ಮಾಡಬೇಕೇ? ಇಳಕಲ್ ಸೀರೆಯ ಜಿಐ (ಒಂದು ಪ್ರದೇಶದ ವಿಶಿಷ್ಟ ಸರಕಿಗೆ ಸಿಗುವ ಭೌಗೋಳಿಕ ಗುರುತು) ಮೇಲೆ ಪಿಎಚ್.ಡಿ. ಮಾಡಿದರೆ ಬೆಲೆ ಇದೆಯೇ? ಇನ್ನೊಂದು: 15,000 ರೂಪಾಯಿ ಕೊಟ್ಟರೆ ಮೂರು ತಿಂಗಳಲ್ಲಿ ‘ಪೇಟೆಂಟ್ ಪಬ್ಲಿಷ್’ ಮಾಡಿಸಿ ನಿಮ್ಮ ಹೆಸರನ್ನೂ ಸೇರಿಸುತ್ತೇವೆ ಎಂದು ಒಬ್ಬರು ಬೆನ್ನುಬಿದ್ದಿದ್ದಾರೆ. ಸೇರಿಸಿಕೊಳ್ಳಲೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಬೇಡ. ಕಾರಣ ಮುಂದೆ ಬರುತ್ತದೆ. ಉಳಿದ ಮೂರೂ ಪ್ರಶ್ನೆಗಳ ಹಿಂದೆ ಒಂದೇ ಅಳುಕಿದೆ. ಬೌದ್ಧಿಕ ಆಸ್ತಿ ಎಂದರೆ ವಕೀಲರ, ಎಂಜಿನಿಯರುಗಳ ಜಾಗ, ಅಲ್ಲಿ ಅರ್ಥಶಾಸ್ತ್ರದವರು ಹೊರಗಿನವರು ಎಂಬ ಅಳುಕು. ಅರ್ಜಿ ಬರೆಯುವ, ನ್ಯಾಯಾಲಯದಲ್ಲಿ ವಾದಿಸುವ ಕೆಲಸದ ಮಟ್ಟಿಗೆ ಅದು ನಿಜ. ಉಳಿದ ಕೆಲಸಕ್ಕೆ ನಿಜವಲ್ಲ, ಆ ಉಳಿದ ಕೆಲಸವೇ ದೊಡ್ಡದು.

ಪೇಟೆಂಟ್ ಎಂಬುದೇ ಒಂದು ಆರ್ಥಿಕ ಒಪ್ಪಂದ. ಸಂಶೋಧಕರು ತಮ್ಮ ವಿದ್ಯೆಯನ್ನು ಸಾರ್ವಜನಿಕವಾಗಿ ಬಿಚ್ಚಿಡಬೇಕು, ಪ್ರತಿಯಾಗಿ ಸಮಾಜ ಅವರಿಗೆ 20 ವರ್ಷ ಏಕಸ್ವಾಮ್ಯ ಕೊಡುತ್ತದೆ. ಈ ಬೆಲೆ ಹೆಚ್ಚೋ ಕಡಿಮೆಯೋ ಎಂಬ ಪ್ರಶ್ನೆಯನ್ನು ಸೂತ್ರಬದ್ಧವಾಗಿ ಎತ್ತಿದವರು ಅರ್ಥಶಾಸ್ತ್ರಜ್ಞರೇ. ಕೆನೆತ್ ಆರೋ 1962ರಲ್ಲಿ, ವಿಲಿಯಂ ನಾರ್ಡ್‌ಹೌಸ್ 1969ರಲ್ಲಿ ಹಾಕಿದ ತಳಹದಿಯ ಮೇಲೆ ಇಂದಿಗೂ ಚರ್ಚೆ ನಡೆಯುತ್ತಿದೆ. 2025ರ ಅರ್ಥಶಾಸ್ತ್ರ ನೊಬೆಲ್ ಬಂದಿದ್ದು ಜೋಯಲ್ ಮೋಕಿರ್, ಫಿಲಿಪ್ ಅಘಿಯೋನ್, ಪೀಟರ್ ಹೋವಿಟ್ ಅವರಿಗೆ, ಹೊಸ ಶೋಧಗಳಿಂದ ಬೆಳವಣಿಗೆ ಹೇಗೆ ಆಗುತ್ತದೆ ಎಂಬುದನ್ನು ವಿವರಿಸಿದ್ದಕ್ಕೆ. ಮ್ಯೂನಿಕ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ನಾವೀನ್ಯತೆ ಮತ್ತು ಸ್ಪರ್ಧೆ ಕೇಂದ್ರದಲ್ಲಿ ಕಾನೂನಿನವರೂ ಅರ್ಥಶಾಸ್ತ್ರದವರೂ ಒಂದೇ ಸೂರಿನಡಿ ಕೆಲಸ ಮಾಡುತ್ತಾರೆ. ಜಿನೀವಾದ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಲ್ಲಿ, ಅಂದರೆ ವೈಪೋದಲ್ಲಿ, ಮುಖ್ಯ ಅರ್ಥಶಾಸ್ತ್ರಜ್ಞರ ಹುದ್ದೆಯೇ ಇದೆ.

ನಮ್ಮ ದೇಶದ್ದೇ ಉದಾಹರಣೆ ಬೇಕಿದ್ದರೆ 2012ರ ನ್ಯಾಟ್ಕೋ–ಬೇಯರ್ ಪ್ರಕರಣ ಓದಿ. ಬೇಯರ್‌ನ ಕ್ಯಾನ್ಸರ್ ಔಷಧದ ತಿಂಗಳ ಖರ್ಚು ಸುಮಾರು 2.8 ಲಕ್ಷ ರೂಪಾಯಿ ಇತ್ತು. ಪೇಟೆಂಟ್ ಒಡೆಯರ ಒಪ್ಪಿಗೆ ಇಲ್ಲದೆಯೂ ತಯಾರಿಸಲು ಸರ್ಕಾರ ಕೊಡುವ ‘ಕಡ್ಡಾಯ ಪರವಾನಗಿ’ ಪಡೆದ ನ್ಯಾಟ್ಕೋ ಅದನ್ನು 8,800 ರೂಪಾಯಿಯ ಆಸುಪಾಸಿಗೆ ಕೊಡಬೇಕೆಂದಾಯಿತು. ಬೇಯರ್‌ಗೆ ಕೊಡಬೇಕಾದ ರಾಯಲ್ಟಿ ಶೇ 6 ಎಂದು ನಿಗದಿಯಾಗಿ, ಮೇಲ್ಮನವಿಯಲ್ಲಿ ಶೇ 7 ಆಯಿತು. ಜನರ ಕೈಗೆಟಕುವ ನ್ಯಾಯವಾದ ಬೆಲೆ ಯಾವುದು, ರಾಯಲ್ಟಿ ಆರೇ ಏಕೆ, ಹತ್ತು ಏಕಲ್ಲ? ಕಾಯ್ದೆಯ ಕಲಂ ಓದಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಬೇಡಿಕೆ, ಆದಾಯ, ವೆಚ್ಚ ಎಲ್ಲವನ್ನೂ ಲೆಕ್ಕ ಹಾಕಬೇಕು.

ಈಗ ಮುಚ್ಚಿದ ಬಾಗಿಲು. ಪೇಟೆಂಟ್ ಕಾಯ್ದೆಯ 126ನೇ ಕಲಂ ಪ್ರಕಾರ ಪೇಟೆಂಟ್ ಏಜೆಂಟ್ ಆಗಲು ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿ ಇರಲೇಬೇಕು. ಬಿ.ಎ., ಎಂ.ಎ. ಅರ್ಥಶಾಸ್ತ್ರದ ಮೇಲೆ ಆ ಪರೀಕ್ಷೆ ಕಟ್ಟಲು ಬರುವುದಿಲ್ಲ. ಎಲ್‌ಎಲ್‌ಬಿ ಸೇರಿಸಿದರೂ ಈ ಕೊರತೆ ತುಂಬುವುದಿಲ್ಲ, ಇದು ಬಹಳ ಮಂದಿಗೆ ಗೊತ್ತಿಲ್ಲ. ಆ ಪರೀಕ್ಷೆಯ ಕೋಚಿಂಗಿಗೆ ದುಡ್ಡು ಕಟ್ಟುವ ಮೊದಲು ಈ ಕಲಂ ಒಮ್ಮೆ ಓದಿಕೊಳ್ಳಿ. ಟ್ರೇಡ್‌ಮಾರ್ಕ್ ಏಜೆಂಟ್ ಪರೀಕ್ಷೆಯ ಮಾತು ಬೇರೆ. ಯಾವುದೇ ವಿಷಯದ ಪದವಿ ಸಾಕು, ವಯಸ್ಸು 21 ಆಗಿರಬೇಕು, ಭಾರತದ ಪ್ರಜೆಯಾಗಿರಬೇಕು. ಆದರೆ ಸಂಬಳದ ನೌಕರಿಯಲ್ಲಿದ್ದುಕೊಂಡು ಹೊರಗೆ ಫೀಸು ತೆಗೆದುಕೊಳ್ಳಲು ನಿಮ್ಮ ಸೇವಾ ನಿಯಮ ಒಪ್ಪುತ್ತದೆಯೇ ಎಂದು ಆಡಳಿತ ಮಂಡಳಿಯನ್ನು ಲಿಖಿತವಾಗಿ ಕೇಳಿ. ಬಾಯಿಮಾತಿನ ಒಪ್ಪಿಗೆ ಮುಂದೆ ಬಡ್ತಿಯ ಹೊತ್ತಿಗೆ ತೊಡಕಾಗುತ್ತದೆ.

ಎಲ್‌ಎಲ್‌ಬಿಗಾಗಿ ಕೆಲಸ ಬಿಡಬೇಡಿ. ದೂರಶಿಕ್ಷಣದ ಎಲ್‌ಎಲ್‌ಬಿಗೆ ಬಾರ್ ಕೌನ್ಸಿಲ್ ಮಾನ್ಯತೆ ಇಲ್ಲ. ಹಾಜರಿ ಕೊಟ್ಟು ಓದಬೇಕೆಂದರೆ ಮೂರು ವರ್ಷದ ಸಂಬಳ ಹೋಗುತ್ತದೆ. ಅದು ಮುಗಿದ ಮೇಲೂ ಪೂರ್ಣಾವಧಿ ನೌಕರಿಯಲ್ಲಿ ಇರುವವರು ವಕೀಲಿ ಮಾಡುವಂತಿಲ್ಲ. ನಿಮಗೆ ಬೇಕಿರುವುದು ಕಾನೂನಿನ ತಿಳಿವಳಿಕೆ. ಅದಕ್ಕೆ ವೈಪೋ ಅಕಾಡೆಮಿಯ ಡಿಎಲ್-101 ಎಂಬ ಉಚಿತ ಆನ್‌ಲೈನ್ ಕೋರ್ಸಿನಿಂದ ಶುರು ಮಾಡಿ. ನಂತರ ಇಗ್ನೋ ಅಥವಾ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ದೂರಶಿಕ್ಷಣದ ಐಪಿಆರ್ ಡಿಪ್ಲೊಮಾ ಸಾಕು. ನಾಗಪುರದಲ್ಲಿ ಕೇಂದ್ರ ಸರ್ಕಾರದ ರಾಜೀವ್ ಗಾಂಧಿ ಬೌದ್ಧಿಕ ಆಸ್ತಿ ನಿರ್ವಹಣಾ ಸಂಸ್ಥೆ ಇದೆ, ಅಲ್ಲಿನ ತರಬೇತಿಗಳನ್ನೂ ಗಮನಿಸುತ್ತಿರಿ.

ಇನ್ನು ಆ 15,000 ರೂಪಾಯಿಯ ವಿಷಯ. ಅಧ್ಯಾಪಕರ ನೇಮಕ, ಬಡ್ತಿಗೆ ಬಳಸುವ 2018ರ ಯುಜಿಸಿ ನಿಯಮಾವಳಿಯ ಅಂಕಪಟ್ಟಿಯಲ್ಲಿ ರಾಷ್ಟ್ರೀಯ ಪೇಟೆಂಟಿಗೆ 7 ಅಂಕ, ಅಂತರರಾಷ್ಟ್ರೀಯ ಪೇಟೆಂಟಿಗೆ 10 ಅಂಕ ಇವೆ. ಈ ವ್ಯಾಪಾರ ಹುಟ್ಟಿಕೊಂಡಿದ್ದು ಅಲ್ಲಿಂದ. ಪೇಟೆಂಟ್ ಅರ್ಜಿ ಸಲ್ಲಿಸಿದ 18 ತಿಂಗಳಿಗೆ ಅದು ತಾನಾಗಿಯೇ ಪೇಟೆಂಟ್ ಜರ್ನಲಿನಲ್ಲಿ ಪ್ರಕಟವಾಗುತ್ತದೆ. ಬೇಗ ಬೇಕೆಂದರೆ ಫಾರ್ಮ್ 9 ಹಾಕಿ, ವ್ಯಕ್ತಿಯ ಹೆಸರಿನಲ್ಲಾದರೆ 2,500 ರೂಪಾಯಿ ಶುಲ್ಕ ಕಟ್ಟಿದರೆ ಆಯಿತು. ‘ಪಬ್ಲಿಷ್’ ಎಂದರೆ ಅರ್ಜಿ ಬಂದಿದೆ ಎಂದು ಜಗತ್ತಿಗೆ ತಿಳಿಸುವುದು, ಅಷ್ಟೇ. ಆ ಹಂತದಲ್ಲಿ ಹೊಸತನವನ್ನು ಯಾರೂ ಪರೀಕ್ಷಿಸಿರುವುದಿಲ್ಲ. ಪರೀಕ್ಷೆ ನಡೆಯಬೇಕಾದರೆ ಫಾರ್ಮ್ 18 ಬೇಕು, ವ್ಯಕ್ತಿಗಳಿಗೆ ಅದರ ಶುಲ್ಕ 4,000. 2024ರ ಮಾರ್ಚಿನ ತಿದ್ದುಪಡಿಯ ನಂತರ ಅದನ್ನು 31 ತಿಂಗಳೊಳಗೆ ಕೊಡಬೇಕು, ಕೊಡದಿದ್ದರೆ ಅರ್ಜಿ ಹಿಂತೆಗೆದುಕೊಂಡಂತೆ. ಇಂಥ ಗುಂಪು ಅರ್ಜಿಗಳಲ್ಲಿ ಹೆಚ್ಚಿನವು ಅಲ್ಲಿಗೇ ಮುಗಿಯುತ್ತವೆ, ಏಕೆಂದರೆ ಮುಂದುವರಿಸಲು ಯಾರಿಗೂ ಆಸಕ್ತಿ ಇರುವುದಿಲ್ಲ. ಬ್ರಿಟನ್ನಿನಲ್ಲಿ ಡಿಸೈನ್ (ವಸ್ತುವಿನ ಹೊರರೂಪ) ನೋಂದಣಿ ಮಾಡಿಸಿ ಅದನ್ನು ‘ಅಂತರರಾಷ್ಟ್ರೀಯ ಪೇಟೆಂಟ್’ ಎಂದು ಮಾರುವವರೂ ಇದ್ದಾರೆ. ಅಲ್ಲಿ ಡಿಸೈನಿಗೆ ಹೊಸತನದ ಪರಿಶೀಲನೆಯನ್ನೇ ಮಾಡುವುದಿಲ್ಲ, ಅದು ಪೇಟೆಂಟ್ ಕೂಡ ಅಲ್ಲ.

ಇದರ ಅಪಾಯ ನಿಮಗೆ ಬೇರೆಯವರಿಗಿಂತ ಹೆಚ್ಚು. ನೀವು ಐಪಿಆರ್ ಸೆಲ್ ಸಂಯೋಜಕಿ. ನೀವು ಮಾಡದ ಉಪಕರಣಕ್ಕೆ ನೀವು ಸಂಶೋಧಕಿ ಎಂದು ಸಹಿ ಹಾಕಿದ ದಾಖಲೆ ಇಂಟರ್‌ನೆಟ್ಟಿನಲ್ಲಿ ಶಾಶ್ವತವಾಗಿ ಉಳಿಯುತ್ತದೆ. ನಾಳೆ ಸಂದರ್ಶನದಲ್ಲಿ ‘ಮೊದಲ ಕ್ಲೇಮ್ (ಪೇಟೆಂಟಿನಲ್ಲಿ ಹಕ್ಕು ಕೇಳಿದ ಅಂಶ) ವಿವರಿಸಿ’ ಎಂದರೆ ಹೇಳಲು ಏನೂ ಇರುವುದಿಲ್ಲ. ಅದೇ ಅಂಕಪಟ್ಟಿಯಲ್ಲಿ ನೀತಿ ದಸ್ತಾವೇಜಿಗೂ ಅಂಕ ಇದೆ: ರಾಜ್ಯ ಮಟ್ಟದಲ್ಲಿ 4, ರಾಷ್ಟ್ರ ಮಟ್ಟದಲ್ಲಿ 7. ಕೈಮಗ್ಗ ಇಲಾಖೆಗೋ ತೋಟಗಾರಿಕೆ ಇಲಾಖೆಗೋ ಒಂದು ಗಟ್ಟಿಯಾದ ಜಿಐ ವರದಿ ಕೊಡುವುದು ಅರ್ಥಶಾಸ್ತ್ರದವರು ತಲೆ ಎತ್ತಿ ಮಾಡಬಹುದಾದ ಕೆಲಸ.

ಸೆಲ್‌ನಲ್ಲಿ ಕೂತು ನೀವು ನಿಜವಾಗಿ ತಡೆಯಬಹುದಾದ ನಷ್ಟ ಒಂದಿದೆ. ರಸಾಯನಶಾಸ್ತ್ರದವರೋ ಬಿಸಿಎ ವಿಭಾಗದವರೋ ಏನಾದರೂ ಹೊಸದು ಮಾಡಿದರೆ, ಮೊದಲು ಪ್ರಬಂಧ ಪ್ರಕಟಿಸಿ ಆಮೇಲೆ ಪೇಟೆಂಟ್ ಕೇಳುತ್ತಾರೆ. ಅಷ್ಟರಲ್ಲಿ ಹೊಸತನ ಹೋಗಿರುತ್ತದೆ. ಪೇಟೆಂಟ್ ಕಾಯ್ದೆಯ 31ನೇ ಕಲಂನಲ್ಲಿ 12 ತಿಂಗಳ ರಿಯಾಯಿತಿ ಇದೆ, ಆದರೆ ಅದು ಸರ್ಕಾರ ಅಧಿಸೂಚಿಸಿದ ಪ್ರದರ್ಶನ, ವಿದ್ವತ್ ಸಂಘದ ಮುಂದೆ ಓದಿದ ಪ್ರಬಂಧ ಇಂಥ ಕೆಲವಕ್ಕೆ ಮಾತ್ರ. ಸಾಮಾನ್ಯ ಜರ್ನಲ್ ಲೇಖನ, ಯೂಟ್ಯೂಬ್ ವಿಡಿಯೊ ಅದರಲ್ಲಿ ಬರುವುದಿಲ್ಲ. ಒಂದು ಪುಟದ ನಮೂನೆ ಮಾಡಿ: ಯಾರು ಯಾವ ಭಾಗ ಮಾಡಿದರು, ಯಾವ ತಾರೀಖು, ದುಡ್ಡು ಎಲ್ಲಿಂದ ಬಂತು, ಈವರೆಗೆ ಎಲ್ಲಿ ತೋರಿಸಿದ್ದಾರೆ. ಇದು ಭರ್ತಿಯಾಗದೆ ಯಾವ ಪ್ರಬಂಧವೂ ಹೊರಗೆ ಹೋಗದಂತೆ ಪ್ರಾಂಶುಪಾಲರಿಂದ ಒಂದು ಸುತ್ತೋಲೆ ಹೊರಡಿಸಿ.

ಪಿಎಚ್.ಡಿ. ವಿಷಯಕ್ಕೆ ಬರೋಣ. ಇಳಕಲ್ ಸೀರೆ ಒಳ್ಳೆಯ ವಿಷಯವೇ, ಆದರೆ ಅದರ ಮೇಲೆ ಸಾಮಾನ್ಯವಾಗಿ ಬರೆಯುವ ರೀತಿ ಒಳ್ಳೆಯದಲ್ಲ. ನೂರು ನೇಕಾರರಿಗೆ ‘ಜಿಐನಿಂದ ಲಾಭ ಆಗಿದೆಯೇ?’ ಎಂದು ಕೇಳಿ, ಒಪ್ಪುತ್ತೇನೆ, ಬಲವಾಗಿ ಒಪ್ಪುತ್ತೇನೆ ಎಂಬ ಐದು ಖಾನೆಗಳಲ್ಲಿ ಟಿಕ್ ಮಾಡಿಸಿ ಶೇಕಡಾವಾರು ತೆಗೆದರೆ ಏನೂ ಗೊತ್ತಾಗುವುದಿಲ್ಲ. ಜಿಐ ಎಂದರೇನೆಂದು ತಿಳಿಯದವರು ಮುಲಾಜಿಗೆ ಹೌದು ಅನ್ನುತ್ತಾರೆ. ಜಿಐ ಹೆಸರು ಬಳಸುವ ಹಕ್ಕಿರುವ ‘ಅಧಿಕೃತ ಬಳಕೆದಾರ’ರಾಗಿ ನೋಂದಾಯಿಸಿಕೊಂಡವರು ಮೊದಲಿನಿಂದಲೂ ಬಲಿಷ್ಠರಾಗಿದ್ದವರೇ ಆಗಿರುತ್ತಾರೆ. ಅವರ ಆದಾಯ ಹೆಚ್ಚಿದ್ದರೆ ಅದು ಜಿಐನಿಂದ ಬಂತೋ, ಮೊದಲೇ ಇತ್ತೋ ಎಂದು ಬೇರೆ ಮಾಡಲಾಗುವುದಿಲ್ಲ. ನೋಂದಣಿಗಿಂತ ಮೊದಲು ಸೀರೆ ಎಷ್ಟಕ್ಕೆ ಹೋಗುತ್ತಿತ್ತು ಎಂದು ಇಂದು ಕೇಳಿ ಬರೆದುಕೊಂಡ ಅಂಕಿಯನ್ನೂ ನಂಬಬೇಡಿ. ನೇಕಾರರ ಸಹಕಾರ ಸಂಘದ ಹಳೇ ಮಾರಾಟ ಪುಸ್ತಕ, ಅಂಗಡಿಯ ಬಿಲ್ ಬುಕ್ ಸಿಕ್ಕರೆ ಅದು ಬಂಗಾರ.

ಬೆಲೆಯನ್ನು ಸೀರೆಯಿಂದಲೇ ಓದಿ. ಇಳಕಲ್ ಸೀರೆಯ ಗುರುತು ಕೊಂಡಿ. ಒಡಲಿನ ಹಾಸು (ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಒಂದಕ್ಕೊಂದು ಕುಣಿಕೆ ಹಾಕಿ ಕೂಡಿಸುತ್ತಾರೆ. ಹಾಗಾಗಿ ಒಂದೊಂದು ಸೀರೆಗೂ ಹಾಸನ್ನು ಪ್ರತ್ಯೇಕವಾಗಿ ಸಿದ್ಧಮಾಡಬೇಕು. ಪವರ್‌ಲೂಮಿನ ನಕಲಿನಲ್ಲಿ ಈ ಕೆಲಸವೇ ಇಲ್ಲ, ಒಂದೇ ಉದ್ದ ಹಾಸಿನಲ್ಲಿ ಸಾಲಾಗಿ ಸೀರೆ ಬರುತ್ತವೆ. ವೆಚ್ಚದ ಅಂತರ ಹುಟ್ಟುವುದು ಇಲ್ಲಿ. ಇಳಕಲ್, ಬಾಗಲಕೋಟೆ, ಹುಬ್ಬಳ್ಳಿಯ ಅಂಗಡಿಗಳಲ್ಲಿ 300 ಸೀರೆಗಳ ಬೆಲೆ ಬರೆದುಕೊಂಡು, ಪ್ರತಿಯೊಂದಕ್ಕೂ ಕೊಂಡಿ ಇದೆಯೇ, ಒಡಲು ಹತ್ತಿಯೋ ರೇಷ್ಮೆಯೋ, ಸೆರಗು ಅಸಲಿ ರೇಷ್ಮೆಯೋ ಆರ್ಟ್ ಸಿಲ್ಕೋ, ಎಷ್ಟು ಗಜ, ದಡಿ ಯಾವುದು, ಕಸೂತಿ ಇದೆಯೇ, ಜಿಐ ಗುರುತು ಅಂಟಿಸಿದ್ದಾರೆಯೇ ಎಂದು ಗುರುತಿಸಿಕೊಳ್ಳಿ. ಆಮೇಲೆ ಹೆಡಾನಿಕ್ ರಿಗ್ರೆಷನ್, ಅಂದರೆ ಬೆಲೆಯನ್ನು ಲಕ್ಷಣವಾರು ಬಿಡಿಸುವ ಲೆಕ್ಕ, ಮಾಡಿದರೆ ಗ್ರಾಹಕರು ದುಡ್ಡು ಕೊಡುತ್ತಿರುವುದು ಕೊಂಡಿಗೋ, ರೇಷ್ಮೆಗೋ, ಜಿಐ ಗುರುತಿಗೋ ಎಂಬುದು ಬಿಡಿಬಿಡಿಯಾಗಿ ಕಾಣುತ್ತದೆ. ಹತ್ತು–ಹನ್ನೆರಡು ಲಕ್ಷಣಗಳಿಗೆ 300 ಸಾಕು, ನೂರಕ್ಕೆ ಇಳಿಸಿದರೆ ಗುಣಾಂಕಗಳು ಅಲ್ಲಾಡುತ್ತವೆ. ಚೌಕಾಸಿಯ ನಂತರದ ಬೆಲೆ ಬರೆದುಕೊಳ್ಳಿ, ಚೀಟಿಯ ಮೇಲಿನ ಬೆಲೆ ಬೇಡ. ಹಬ್ಬದ ಹಂಗಾಮು, ಮದುವೆ ಹಂಗಾಮು ಎರಡರಲ್ಲೂ ಸಂಗ್ರಹಿಸಿ. ಕೊನೆಗೆ, ಗ್ರಾಹಕರು ಹೆಚ್ಚಿಗೆ ಕೊಟ್ಟ ದುಡ್ಡಿನಲ್ಲಿ ನೂಲು ಕೊಡುವ ಮಾಲಕರಿಗೆ ಎಷ್ಟು, ಮಗ್ಗದ ಮೇಲೆ ಕೂತವರಿಗೆ ಎಷ್ಟು ಎಂದು ಕೂಲಿಯ ಲೆಕ್ಕ ಹಿಡಿದು ನೋಡಿ. ನನಗೆ ಅತ್ಯಂತ ಮುಖ್ಯ ಅನ್ನಿಸುವ ಪ್ರಶ್ನೆ ಇದು. ಜಿಐ ಕಾಯ್ದೆಯ 21ನೇ ಕಲಂ ಪ್ರಕಾರ ಹಕ್ಕು ಚಲಾಯಿಸುವವರು ನೋಂದಾಯಿತ ಒಡೆಯರು ಮತ್ತು ಅಧಿಕೃತ ಬಳಕೆದಾರರು ಮಾತ್ರ. ಕೂಲಿಗೆ ನೇಯುವವರು ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಜಿಐ ಇದ್ದೂ ಅವರಿಗೆ ಇಲ್ಲ.

ಇದೇ ಪ್ರಶ್ನೆ ಕೊಲ್ಹಾಪುರಿ ಚಪ್ಪಲಿಯಲ್ಲಿ ಇನ್ನೂ ತೀಕ್ಷ್ಣವಾಗಿದೆ. 2019ರ ಆ ಜಿಐ ನೋಂದಣಿಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಇವೆ. ಒಡೆತನ ಎರಡು ರಾಜ್ಯಗಳ ಚರ್ಮೋದ್ಯಮ ನಿಗಮಗಳದು, ನಮ್ಮ ಕಡೆಯದು ಲಿಡ್ಕರ್. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಅದೇ ಬಗೆಯ ಚಪ್ಪಲಿಯನ್ನು ಪ್ರದರ್ಶಿಸಿದಾಗ ಕೆಲವು ವಕೀಲರು ಹಾಕಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಬಾಂಬೆ ಹೈಕೋರ್ಟ್ ತಳ್ಳಿಹಾಕಿತು. ದಾವೆ ಹೂಡಬೇಕಾದವರು ಹಕ್ಕಿನ ಒಡೆಯರು ಎಂಬುದೇ ಅಲ್ಲಿ ಮುಖ್ಯವಾಯಿತು. ಅಥಣಿಯಲ್ಲಿ ಚರ್ಮ ಹೊಲಿಯುವವರ ಪರವಾಗಿ ಯಾರು, ಯಾವ ಬೆಲೆಗೆ ಚೌಕಾಸಿ ಮಾಡುತ್ತಾರೆ? ಎರಡು ರಾಜ್ಯಗಳ ಹೋಲಿಕೆ ಇಲ್ಲಿ ತಾನಾಗಿಯೇ ಸಿಗುತ್ತದೆ, ಸಂಶೋಧನೆಗೆ ಇಂಥ ಅನುಕೂಲ ಅಪರೂಪ. ಇಂಡಿ ಲಿಂಬೆಗೂ ಜಿಐ ಇದೆ, ಆದರೆ ಲಿಂಬೆಯ ಬೆಲೆ ದಿನದಿನಕ್ಕೆ ಏರಿಳಿಯುವುದರಿಂದ ಜಿಐ ಪರಿಣಾಮವನ್ನು ಬೇರ್ಪಡಿಸುವುದು ಕಷ್ಟ. ಮೊದಲ ಸಂಶೋಧನೆಗೆ ಅದನ್ನು ಹಿಡಿಯಬೇಡಿ.

ಊರೂರು ತಿರುಗುವುದು ಕಷ್ಟವಾದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರು ಜಿಲ್ಲೆಗಳ ಪೇಟೆಂಟ್ ನಕ್ಷೆ ಮಾಡಬಹುದು, ಅಂದರೆ ಎಲ್ಲಿಂದ ಯಾವ ಪೇಟೆಂಟ್ ಬಂದಿದೆ ಎಂದು ಪಟ್ಟಿ ಮಾಡಬಹುದು. ಭಾರತೀಯ ಪೇಟೆಂಟ್ ಕಚೇರಿಯ ಇನ್‌ಪಾಸ್ ಎಂಬ ಹುಡುಕು ತಾಣ ಉಚಿತ. ಆದರೆ 2014ರ ನವೆಂಬರ್ 1ರಂದು ಊರ ಹೆಸರು ಬದಲಾದವು. ಬೆಲ್ಗಾಂ–ಬೆಳಗಾವಿ, ಬಿಜಾಪುರ–ವಿಜಯಪುರ ಎಲ್ಲ ಕಾಗುಣಿತಗಳಲ್ಲೂ ಹುಡುಕಬೇಕು. ಪಿನ್ ಕೋಡಿನಿಂದ ಹುಡುಕುವುದು ಇನ್ನೂ ಭದ್ರ: 590, 591ರಿಂದ ಶುರುವಾದರೆ ಬೆಳಗಾವಿ ಜಿಲ್ಲೆ, 587 ಬಾಗಲಕೋಟೆ, 586 ವಿಜಯಪುರ. ಅರ್ಜಿದಾರರ ವಿಳಾಸದ ಜೊತೆಗೆ ಸಂಶೋಧಕರ ವಿಳಾಸವನ್ನೂ ನೋಡಿ, ಏಕೆಂದರೆ ಕಂಪನಿಯ ಕಚೇರಿ ಬೆಂಗಳೂರಿನಲ್ಲಿದ್ದು ಕೆಲಸ ಬೆಳಗಾವಿಯಲ್ಲಿ ಆಗಿರಬಹುದು. ಬೇರೆ ಜಿಲ್ಲೆಯ ಕಾಲೇಜಿನವರು ತಮ್ಮ ವಿಶ್ವವಿದ್ಯಾಲಯದ ವಿಳಾಸವಾದ ‘ವಿಟಿಯು, ಬೆಳಗಾವಿ’ ಎಂದು ಬರೆದಿದ್ದರೆ ಅದನ್ನು ತೆಗೆಯಬೇಕು. 18 ತಿಂಗಳ ಗೌಪ್ಯತೆಯಿಂದಾಗಿ ಕೊನೆಯ ಎರಡು ವರ್ಷದ ಅಂಕಿ ಯಾವಾಗಲೂ ಇಳಿದಂತೆ ಕಾಣುತ್ತದೆ, ಅದನ್ನು ಕುಸಿತ ಎಂದು ಬರೆಯಬೇಡಿ. ಮೇಲೆ ಹೇಳಿದ ದುಡ್ಡಿನ ಅರ್ಜಿಗಳೂ ಈ ರಾಶಿಯಲ್ಲಿ ಸೇರಿವೆ. ಆದ್ದರಿಂದ ಅರ್ಜಿ ಎಣಿಸುವುದನ್ನು ಬಿಟ್ಟು, ಮಂಜೂರಾದ ಪೇಟೆಂಟನ್ನು ಎಷ್ಟು ವರ್ಷ ನವೀಕರಿಸಿದ್ದಾರೆ ಎಂದು ನೋಡಿ. ವ್ಯಕ್ತಿಗಳಿಗೆ 3ರಿಂದ 6ನೇ ವರ್ಷದವರೆಗೆ ವರ್ಷಕ್ಕೆ 800 ರೂಪಾಯಿ ಇರುವ ಶುಲ್ಕ ಕೊನೆಯ ಐದು ವರ್ಷಗಳಲ್ಲಿ ವರ್ಷಕ್ಕೆ 8,000 ಆಗುತ್ತದೆ. ಬೆಲೆ ಇಲ್ಲದ ಪೇಟೆಂಟಿಗೆ ಯಾರೂ ಅಷ್ಟು ದೂರ ಶುಲ್ಕ ಕಟ್ಟುವುದಿಲ್ಲ.

ಇನ್ನೋವೇಶನ್ ಮ್ಯಾನೇಜ್‌ಮೆಂಟ್ ಎಂಬ ಹೆಸರಿನಲ್ಲಿ ನಿಮ್ಮನ್ನು ಉದ್ದಿಮೆಯವರು ಕರೆಯುವುದು ಬಹುಪಾಲು ಮೌಲ್ಯಮಾಪನಕ್ಕೆ, ಅಂದರೆ ಪೇಟೆಂಟಿಗೆ ಬೆಲೆ ಕಟ್ಟುವುದಕ್ಕೆ. ಬೆಳಗಾವಿಯ ಉದ್ಯಮಬಾಗದ ಒಂದು ಕಾರ್ಖಾನೆ ಹೈಡ್ರಾಲಿಕ್ ವಾಲ್ವಿನಲ್ಲಿ ಸುಧಾರಣೆ ಮಾಡಿದೆ ಎಂದುಕೊಳ್ಳಿ. ಆ ವಾಲ್ವಿನ ವಾರ್ಷಿಕ ಮಾರಾಟ 2 ಕೋಟಿ. ಹೊರಗಿನಿಂದ ಈ ತಂತ್ರ ಪಡೆದಿದ್ದರೆ ಶೇ 3 ರಾಯಲ್ಟಿ, ಅಂದರೆ ವರ್ಷಕ್ಕೆ 6 ಲಕ್ಷ ಕೊಡಬೇಕಿತ್ತು. ಎಂಟು ವರ್ಷ, ಶೇ 20 ಬಡ್ಡಿ ದರದಲ್ಲಿ ಇಂದಿನ ಮೌಲ್ಯ ಸುಮಾರು 23 ಲಕ್ಷ. ದರ 25 ಎಂದರೆ 20 ಲಕ್ಷ. ಆದರೆ ಪ್ರತಿಸ್ಪರ್ಧಿ ನಾಲ್ಕೇ ವರ್ಷದಲ್ಲಿ ಬೇರೆ ದಾರಿಯಿಂದ ಅದೇ ಕೆಲಸ ಮಾಡಿದರೆ, ಶೇ 20ರಲ್ಲೇ ಅದು 15.5 ಲಕ್ಷಕ್ಕೆ ಇಳಿಯುತ್ತದೆ. ಕಾಗದದ ಮೇಲೆ 20 ವರ್ಷ ಇದ್ದರೂ ಮಾರುಕಟ್ಟೆಯಲ್ಲಿ ಎಷ್ಟು ವರ್ಷ ಬಾಳುತ್ತದೆ ಎಂಬ ಅಂದಾಜೇ ಮೌಲ್ಯವನ್ನು ಹೆಚ್ಚು ಕದಲಿಸುತ್ತದೆ, ಅದನ್ನು ಆ ಉದ್ದಿಮೆ ಬಲ್ಲವರ ಜೊತೆ ಕೂತೇ ನಿರ್ಧರಿಸಬೇಕು. ಲಾಭದ ಕಾಲು ಭಾಗ ರಾಯಲ್ಟಿ ಎಂಬ ಹಳೆಯ ಸೂತ್ರವನ್ನು ಬಳಸಬೇಡಿ, ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯ 2011ರಲ್ಲೇ ಅದನ್ನು ತಿರಸ್ಕರಿಸಿದೆ. ಎಷ್ಟೋ ಸಲ ‘ಪೇಟೆಂಟ್ ಬೇಡ, ಗುಟ್ಟಾಗಿಡಿ’ ಎನ್ನುವುದೇ ಸರಿಯಾದ ಸಲಹೆ. ಗೋಕಾಕ, ಅಮೀನಗಡದ ಕರದಂಟು ಮಾಡುವವರು ಪಾಕದ ಹದ ಬಿಚ್ಚಿಡುವುದಕ್ಕಿಂತ ಅಂಗಡಿಯ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸುವುದು ಲೇಸು. ಗುಟ್ಟಿನ ರಕ್ಷಣೆಗೆ ನಮ್ಮಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ, ಹಾಗಾಗಿ ಕೆಲಸಗಾರರ ಜೊತೆಗಿನ ಲಿಖಿತ ಕರಾರು ಸರಿ ಇರಬೇಕು.

ಹುದ್ದೆಗಳ ಮಾತು ನೇರವಾಗಿ ಹೇಳುತ್ತೇನೆ. ‘ನಾವೀನ್ಯತೆಯ ಅರ್ಥಶಾಸ್ತ್ರ’ ಎಂಬ ಹೆಸರಿನ ಹುದ್ದೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಕರೆಯುವುದು ತೀರಾ ಅಪರೂಪ. ಕೃಷಿ, ತೋಟಗಾರಿಕೆ ಸಂಶೋಧನಾ ಸಂಸ್ಥೆಗಳ ತಂತ್ರಜ್ಞಾನ ವರ್ಗಾವಣೆ ಘಟಕಗಳು, ಸ್ಪರ್ಧಾ ಆಯೋಗ, ಕೇಂದ್ರ ಸರ್ಕಾರದ ಸ್ಪ್ರಿಹಾ ಯೋಜನೆಯ ಐಪಿಆರ್ ಪೀಠಗಳು, ಸಲಹಾ ಸಂಸ್ಥೆಗಳು ಇವೆ, ಆದರೆ ಅವಕಾಶ ಕಡಿಮೆ, ಹೆಚ್ಚಿನವು ಬೆಂಗಳೂರು, ದಿಲ್ಲಿಯಲ್ಲಿ. ಹಾಗಾಗಿ ಇದ್ದ ನೌಕರಿ ಇಟ್ಟುಕೊಂಡೇ ಈ ದಾರಿ ಹಿಡಿಯಿರಿ. ಪಿಎಚ್.ಡಿ.ಯನ್ನು ಅರ್ಥಶಾಸ್ತ್ರ ವಿಭಾಗದಲ್ಲೇ ನೋಂದಾಯಿಸಿ. ಮ್ಯಾನೇಜ್‌ಮೆಂಟ್ ಅಥವಾ ಕಾನೂನು ವಿಭಾಗದಲ್ಲಿ ಮಾಡಿದರೆ ನಾಳೆ ಅರ್ಥಶಾಸ್ತ್ರದ ಹುದ್ದೆಗೆ ‘ಸಂಬಂಧಿತ ವಿಷಯ ಅಲ್ಲ’ ಎಂಬ ತಕರಾರು ಬರಬಹುದು. ರಾಣಿ ಚನ್ನಮ್ಮ ವಿ.ವಿ., ಕರ್ನಾಟಕ ವಿ.ವಿ., ಸಂಶೋಧನಾ ಸಂಸ್ಥೆಗಳಾದ ಧಾರವಾಡದ ಸಿಎಂಡಿಆರ್, ಬೆಂಗಳೂರಿನ ಐಸೆಕ್ ಈ ನಾಲ್ಕು ಕಡೆ ವಿಚಾರಿಸಿ. ಗೈಡ್ ಐಪಿಆರ್ ತಜ್ಞರೇ ಆಗಿರಬೇಕಿಲ್ಲ, ಎಕನಾಮೆಟ್ರಿಕ್ಸ್ ಗಟ್ಟಿ ಇರುವವರನ್ನು ಹುಡುಕಿ.

2022ರ ಯುಜಿಸಿ ನಿಯಮದಂತೆ ಅರೆಕಾಲಿಕ ಪಿಎಚ್.ಡಿ.ಗೆ ಅವಕಾಶ ಇದೆ. ಕನಿಷ್ಠ ಅವಧಿ ಮೂರು ವರ್ಷ, ಗರಿಷ್ಠ ಆರು, ಮಹಿಳೆಯರಿಗೆ ಎರಡು ವರ್ಷದ ಹೆಚ್ಚುವರಿ ರಿಯಾಯಿತಿ. ಕಾಲೇಜಿನಿಂದ ನಿರಾಕ್ಷೇಪಣಾ ಪತ್ರ ಬೇಕು, ಅದರಲ್ಲಿ ಕೋರ್ಸ್‌ವರ್ಕ್ ಅವಧಿಗೆ ಕರ್ತವ್ಯದಿಂದ ಬಿಡುವು ಕೊಡುತ್ತೇವೆ ಎಂಬ ಸಾಲು ಇರಲೇಬೇಕು. ಆ ಪತ್ರಕ್ಕೆ ಈಗಲೇ ಅರ್ಜಿ ಕೊಡಿ. ಆಡಳಿತ ಮಂಡಳಿಯ ಸಭೆ ಕೂಡಿ ಠರಾವು ಆಗುವುದಕ್ಕೇ ತಿಂಗಳುಗಳು ಹಿಡಿಯುತ್ತವೆ, ಅಷ್ಟರಲ್ಲಿ ಪ್ರವೇಶದ ಕೊನೆಯ ದಿನ ದಾಟಿದರೆ ಒಂದು ವರ್ಷ ಹೋದಂತೆ.